ಮುತ್ತಾತ ಕ್ಯಾಪ್ಟನ್ ಅಲ್ಲ

ರೆಡ್ಮಂಡ್, ಅಮೆರಿಕ, ಮಾರ್ಚ್ ೯

ಶ್ರೀಪತಿ ಚಿಕ್ಕಪ್ಪನಿಗೆ ನಮಸ್ಕಾರ.

ನಮ್ಮ ವಂಶದ ಪುಸ್ತಕದ ಪ್ರೂಫ್ ತಲುಪಿತು. 'ಲೇಡಿ ಮಾರ್ಜರಿ' ಹಡಗಿನ ಬಗ್ಗೆ ನಾನು ಬರೆದ ಪುಟದಲ್ಲಿ ನೀವು ನಂಜುಂಡಯ್ಯ ಮುತ್ತಾತನನ್ನು ಕ್ಯಾಪ್ಟನ್ ಮಾಡಿದ್ದೀರಿ. ನನಗೆ ಇಷ್ಟು ಸಿಟ್ಟು ಬಂದು ಬಹಳ ವರ್ಷವಾಗಿತ್ತು.

ಎರಡು ವರ್ಷ ನೌಕಾಪಡೆಯ ದಾಖಲೆ ಹುಡುಕಿ ನಾನು ಬರೆದದ್ದು ಇಷ್ಟೇ. ಅದು ಮೀನು ಹಿಡಿಯುವ ಹಡಗು. ಯುದ್ಧ ಬಂದಾಗ, ಶತ್ರುಗಳು ಸಮುದ್ರದಲ್ಲಿ ಬಿಟ್ಟಿದ್ದ, ತಗುಲಿದರೆ ಸಿಡಿಯುವ ಮೈನ್‌ಗಳನ್ನು ತೆಗೆಯಲು ಬ್ರಿಟಿಷರು ಅದನ್ನು ಹಚ್ಚಿದರು. ೧೯೧೭ರಿಂದ ಎರಡು ವರ್ಷದಲ್ಲಿ ಮುಂಬೈ ಬಳಿ ಹನ್ನೊಂದು ಮೈನ್ ತೆಗೆಯಿತು. ಮುತ್ತಾತ ಅದರ ತಳದಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುತ್ತಿದ್ದರು. ಒಂದು ಮೈನ್ ತಗುಲಿದ್ದರೂ ಮೊದಲು ಸಾಯುತ್ತಿದ್ದವರು ಅಲ್ಲಿದ್ದವರೇ.

"ಕಲ್ಲಿದ್ದಲು ಅಂತ ಹಾಕಿದ್ರೆ ಬೀಗರೆಲ್ಲ ನಗಲ್ವೇನಮ್ಮಾ?" ಎಂದು ಫೋನಿನಲ್ಲಿ ನೀವೇ ನಕ್ಕಿರಿ. ದಾಖಲೆ ನೋಡುವ ಮೊದಲು ನಾನೂ ಇಲ್ಲಿ ಬೆಲ್ವ್ಯೂದ ನನ್ನ ಆಫೀಸಿನಲ್ಲಿ ಅವರನ್ನು ನೇವಿ ಆಫೀಸರ್ ಎಂದೇ ಹೇಳಿಕೊಂಡಿದ್ದೆ. ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇರಬಹುದು.

ಆದರೆ ಒಂದು ವಿಷಯ ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಮುತ್ತಾತ ಹಡಗಿನಲ್ಲಿ ಎಲ್ಲ ಜಾತಿಯವರ ಜೊತೆ ಉಂಡು ಬಂದರೆಂದು, ಸಾಯುವ ತನಕ ಮನೆಯವರು ಅವರಿಗೆ ಜಗಲಿಯಲ್ಲೇ ಎಲೆ ಹಾಕಿದರು. ಈಗ ಕ್ಯಾಪ್ಟನ್ ಟೋಪಿ ಹಾಕಿಸಿ ಒಳಗೆ ಕರೆಯುತ್ತಿದ್ದೀರಿ.

ದಯವಿಟ್ಟು ನಾನು ಬರೆದದ್ದನ್ನೇ ಅಚ್ಚಿಗೆ ಕೊಡಿ. ಜಗಲಿಯ ವಿಷಯವನ್ನೂ ಸೇರಿಸಿ. ಆಗದಿದ್ದರೆ ಆ ಪುಟದ ಜೊತೆ ವಂಶವೃಕ್ಷದಿಂದ ನನ್ನ ಹೆಸರನ್ನೂ ತೆಗೆದುಬಿಡಿ. ನಾನು ಮುತ್ತಾತನ ಪಕ್ಕ ಜಗಲಿಯಲ್ಲೇ ಕೂರುತ್ತೇನೆ.

ಚಿಕ್ಕಮ್ಮನ ಮಂಡಿನೋವಿನ ಮುಲಾಮು ಬೇರೆ ಪಾರ್ಸಲ್‌ನಲ್ಲಿ ಬರುತ್ತದೆ.

ನಿಮ್ಮ ಅಣ್ಣನ ಮಗಳು,
ವಸುಧಾ