ಅಕ್ಕ ತಂಗಿಯರ ನಡುವೆ ಒಂದು ಮೀಟರ್

ಅಗ್ನಿ ಸುರಕ್ಷತಾ ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ,

ಹೋಟೆಲಿನಲ್ಲಿ ಒಂದು ಮೇಜಿಗೆ ನಾಲ್ಕು ಜನರಿಗಿಂತ ಹೆಚ್ಚು ಕೂರಬಾರದು, ಮೇಜಿಗೂ ಮೇಜಿಗೂ ನಡುವೆ ಒಂದು ಮೀಟರ್ ಅಂತರ ಇರಲೇಬೇಕು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಆದೇಶ ಕೈಯಲ್ಲಿ ಹಿಡಿದು ಬಂದ ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು, ನಾವು ಊಟಕ್ಕೆ ಕೂತಿದ್ದ ಮೇಜನ್ನು ನಮ್ಮ ಅಮ್ಮ ಮತ್ತು ಚಿಕ್ಕಮ್ಮನ ಮಧ್ಯಕ್ಕೆ ಸರಿಯಾಗಿ ಬೇರ್ಪಡಿಸಿದರು. ಅವರಿಬ್ಬರನ್ನೂ ಅಷ್ಟು ಹತ್ತಿರ ತಂದು ಕೂರಿಸಲು ನನಗೆ ಆರು ವರ್ಷ ಹಿಡಿದಿತ್ತು. ಸಾಹೇಬರಿಗೆ ಅರ್ಧ ನಿಮಿಷ ಸಾಕಾಯಿತು. ಸರ್ಕಾರಿ ಕೆಲಸ ನಿಧಾನ ಎನ್ನುವವರ ಬಾಯಿ ಇನ್ನಾದರೂ ಮುಚ್ಚಲಿ.

ಆರು ವರ್ಷದ ಹಿಂದೆ ನನ್ನ ಮದುವೆಯಲ್ಲಿ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವಾಗ ಚಿಕ್ಕಮ್ಮ ಊಟದ ಹಾಲಿನಲ್ಲಿ ಬಡಿಸುತ್ತಿದ್ದರು. ಅವರನ್ನು ಯಾರೂ ಕರೆಯಲಿಲ್ಲ. ಆಲ್ಬಮ್ ಬಂದಾಗ ಅದರಲ್ಲಿ ಎರಡೂ ಕಡೆಯ ನೆಂಟರಿದ್ದರು, ಫೋಟೋಗ್ರಾಫರನ ಭಾವಮೈದುನ ಕೂಡ ಇದ್ದ, ಚಿಕ್ಕಮ್ಮ ಮಾತ್ರ ಇರಲಿಲ್ಲ. ಅಂದಿನಿಂದ ಅಮ್ಮನ ಮನೆಗೆ ಚಿಕ್ಕಮ್ಮ ಬರಲಿಲ್ಲ, ಚಿಕ್ಕಮ್ಮನ ಮನೆಗೆ ಅಮ್ಮ ಹೋಗಲಿಲ್ಲ. ಇಬ್ಬರ ಮನೆಗಳ ನಡುವೆ ಇರುವುದು ಎರಡು ಬಸ್ ಸ್ಟಾಪು. ನನ್ನ ಐದು ವರ್ಷದ ಮಗಳು ತನ್ನ ಚಿಕ್ಕಜ್ಜಿಯ ಮುಖವನ್ನೇ ನೋಡಿರಲಿಲ್ಲ.

ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ ಬಂದಾಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಬೀದಿಯ ಮೂಲೆಯಲ್ಲಿರುವ ರೆಸ್ಟೋರೆಂಟ್ ಯಾರ ಮನೆಯೂ ಅಲ್ಲ. ಅಲ್ಲಿಗೆ ಹೋದರೆ ಯಾರೂ ಸೋತಂತಾಗುವುದಿಲ್ಲ. ಅಲ್ಲಿನ ಊಟದ ರೀತಿಯೂ ನನಗೆ ಬೇಕಾದಂಥದ್ದು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ತುಂಬಿಸಿ ತಂದಿಡುವುದಿಲ್ಲ. ಬಟ್ಟಲುಗಳು ಮಧ್ಯದಲ್ಲಿರುತ್ತವೆ, ಕೈ ಚಾಚಬೇಕು, ‘ಆ ಕಡೆಯಿಂದ ಸ್ವಲ್ಪ ಕೊಡಿ’ ಎಂದು ಬಾಯಿ ಬಿಟ್ಟು ಕೇಳಬೇಕು. ಎಷ್ಟು ಹೊತ್ತು ಅಂತ ಸುಮ್ಮನಿರುತ್ತಾರೆ, ನೋಡೋಣ ಅಂದುಕೊಂಡೆ.

ಹೋಟೆಲಿನ ಯಜಮಾನರು ಎರಡು ಮೇಜು ಜೋಡಿಸಿ ಕೊಟ್ಟರು. ಅಮ್ಮ, ಅಪ್ಪ, ಚಿಕ್ಕಮ್ಮ, ಚಿಕ್ಕಪ್ಪ, ನನ್ನ ಗಂಡ, ಮಗಳು, ನಾನು, ಒಟ್ಟು ಏಳು ಜನ. ಮೇಜುಗಳು ಕೂಡುವ ಜಾಗದಲ್ಲೇ ಅಕ್ಕ ತಂಗಿಯರನ್ನು ಪಕ್ಕಪಕ್ಕ ಕೂರಿಸಿದೆ. ಬಿಸಿ ರೊಟ್ಟಿ, ಬೇಳೆ, ಎಣ್ಣೆಗಾಯಿ ಬಂದವು. ಮಾತು ಮಾತ್ರ ಬರಲಿಲ್ಲ.

“ಮೊಸರು ಬೇಕಾ ಅಂತ ಕೇಳು ಅವರನ್ನ,” ಎಂದರು ಅಮ್ಮ ನನಗೆ, ಪಕ್ಕದಲ್ಲೇ ಕೂತ ತಂಗಿಯನ್ನು ನೋಡದೆ.

“ಬೇಡ ಅಂತ ಹೇಳು,” ಎಂದರು ಚಿಕ್ಕಮ್ಮ, ಅವರೂ ನನಗೇ.

ನಾನು ಇಬ್ಬರಿಗೂ ಟೆಲಿಫೋನ್ ಆಪರೇಟರ್ ಆಗಿ ಕೂತಿರುವಾಗ ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಫೈಲು, ಅಳತೆಯ ಟೇಪು ಹಿಡಿದು ಒಳಗೆ ಬಂದರು. ನಮ್ಮ ತಲೆ ಎಣಿಸಿದರು.

“ಒಂದು ಮೇಜಿಗೆ ಏಳು ಜನ ಕೂರೋ ಹಾಗಿಲ್ಲ.”

“ಇದು ಎರಡು ಮೇಜು, ಸಾರ್. ಜೋಡಿಸಿದೀವಿ ಅಷ್ಟೇ,” ಎಂದರು ಯಜಮಾನರು.

“ಜೋಡಿಸಿದ ಮೇಲೆ ಒಂದೇ ತಾನೇ?”

ವೇದಾಂತಿಗಳೂ ಇಷ್ಟು ಸಲೀಸಾಗಿ ಎರಡನ್ನು ಒಂದು ಮಾಡಿರಲಾರರು. ನಮ್ಮನ್ನೆಲ್ಲ ಎಬ್ಬಿಸಿ ಹಿಂದಿನ ಮೇಜನ್ನು ಇನ್ನೂ ಹಿಂದಕ್ಕೆ ಎಳೆಸಿದರು, ಟೇಪು ಹಿಡಿದು ಒಂದು ಮೀಟರ್ ಖಾತ್ರಿ ಮಾಡಿಕೊಂಡರು. ಅಮ್ಮ, ಅಪ್ಪ, ಮಗಳು ಮುಂದಿನ ಮೇಜಿಗೆ, ಉಳಿದ ನಾಲ್ವರು ಹಿಂದಿನ ಮೇಜಿಗೆ. ಎಣ್ಣೆಗಾಯಿ ನಮ್ಮ ಪಾಲಿಗೆ ಬಂತು, ಮೊಸರು ಅವರ ಪಾಲಿಗೆ ಹೋಯಿತು. ಮಂಡಿ ನೋವಿನ ಅಮ್ಮ ಕೈಯಲ್ಲಿ ತಟ್ಟೆ ಹಿಡಿದು, ಮಧ್ಯದ ಆ ಒಂದು ಮೀಟರಿನಲ್ಲಿ, ಎಲ್ಲಿ ಕೂರುವುದೆಂದು ತಿಳಿಯದೆ ನಿಂತುಬಿಟ್ಟರು.

“ದಾರಿಯಲ್ಲಿ ನಿಲ್ಲಬಾರದಮ್ಮ,” ಎಂದರು ಸಾಹೇಬರು.

ಚಿಕ್ಕಮ್ಮ ರೊಟ್ಟಿ ಕೆಳಗಿಟ್ಟರು. “ಏನ್ರೀ ನೀವು? ಊಟಕ್ಕೆ ಕೂತವರನ್ನ ಎಬ್ಬಿಸ್ತೀರಲ್ಲ? ನಮ್ಮಕ್ಕನಿಗೆ ಮಂಡಿ ನೋವು, ಅದು ಗೊತ್ತಾ ನಿಮಗೆ?”

ನಮ್ಮಕ್ಕ. ಆ ಮಾತು ಕೇಳಿ ಅಪ್ಪ ತುತ್ತು ಬಾಯಿಗಿಡುವುದನ್ನೇ ಮರೆತರು.

“ಬಿಡೇ, ಅವರ ಕೆಲಸ ಅವರು ಮಾಡ್ತಿದಾರೆ,” ಎಂದರು ಅಮ್ಮ, ಮೆಲ್ಲಗೆ.

“ಬಾ, ನೀನಿಲ್ಲಿ ಕೂತ್ಕೋ,” ಎಂದರು ಚಿಕ್ಕಮ್ಮ.

“ಐದಾಗುತ್ತೆ,” ಎಂದರು ಸಾಹೇಬರು.

“ಆಗಲ್ಲ,” ಎಂದ ಚಿಕ್ಕಮ್ಮ ಗಂಡನ ಕಡೆ ತಿರುಗಿದರು. “ನೀವು ಆ ಕಡೆ ಹೋಗಿ.” ಚಿಕ್ಕಪ್ಪ ತಟ್ಟೆ ಎತ್ತಿಕೊಂಡು ಮೇಜು ಬದಲಿಸಿದರು. ಸಾಹೇಬರು ಮತ್ತೊಮ್ಮೆ ಎಣಿಸಿ, ತಪ್ಪು ಸಿಗದೆ ಅಡುಗೆಮನೆಯ ಕಡೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮ, “ನೀನು ನನ್ನನ್ನ ಕರೀಲಿಲ್ಲ,” ಎಂದರು. ಯಾವುದಕ್ಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

“ನೀನು ಇಲ್ಲ ಅನ್ನೋದು ಆಲ್ಬಮ್ ನೋಡಿದಾಗಲೇ ನನಗೆ ಗೊತ್ತಾಗಿದ್ದು. ಅಷ್ಟು ನಾಚಿಕೆಯಾಯ್ತು. ಫೋನ್ ಮಾಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಏನಂತ ಹೇಳ್ಲಿ?”

ಚಿಕ್ಕಮ್ಮ ಬಟ್ಟಲಿನಲ್ಲಿ ಉಳಿದಿದ್ದ ಕೊನೆಯ ಬದನೆಕಾಯಿಯನ್ನು ಅಕ್ಕನ ತಟ್ಟೆಗೆ ಹಾಕಿದರು.

‘ಅಂದರೆ ನಮ್ಮ ನಿಯಮವೇ ಇವರನ್ನು ಒಂದು ಮಾಡಿತು’ ಎಂದು ತಾವು ಎದೆಯುಬ್ಬಿಸಿಕೊಳ್ಳುವ ಮೊದಲು ದಯವಿಟ್ಟು ಇನ್ನೊಂದು ಸಂಗತಿ ಕೇಳಿ. ಹಿಂದಕ್ಕೆ ಎಳೆಸಿದ ಮೇಜು ಹೋಗಿ ನಿಂತದ್ದು ತುರ್ತು ನಿರ್ಗಮನದ ಬಾಗಿಲಿಗೆ ಅಡ್ಡವಾಗಿ. ನನ್ನ ಗಂಡನ ಬೆನ್ನು ಆ ಬಾಗಿಲಿಗೇ ಒರಗಿತ್ತು. ನಾನು ಶಾಲೆಯಲ್ಲಿ ರೇಖಾಗಣಿತ ಹೇಳಿಕೊಡುವವಳು, ಮಾರನೆಯ ದಿನ ಹೋಗಿ ಅಳೆದು ನೋಡಿದೆ. ಮೇಜುಗಳು ಜೋಡಿಸಿದ್ದಾಗ ಆ ಬಾಗಿಲು ಪೂರ್ತಿ ತೆರೆಯುತ್ತಿತ್ತು. ತಮ್ಮ ಒಂದು ಮೀಟರ್ ಕೊಟ್ಟ ಮೇಲೆ ಮೂವತ್ತು ಸೆಂಟಿಮೀಟರ್ ಮಾತ್ರ ತೆರೆಯುತ್ತದೆ. ಬೆಂಕಿ ಬಿದ್ದರೆ ಯಾರು ಪಾರಾಗಬೇಕು? ತಮ್ಮ ಫೈಲೇ?

ಆದರೂ ಯಜಮಾನರಿಗೆ ನೋಟಿಸು ಬಂದಿದೆ, ಗಾಜಿನ ಬಾಗಿಲಿಗೇ ಅಂಟಿಸಿದ್ದಾರೆ. ಇನ್ನೊಮ್ಮೆ ಮೇಜು ಜೋಡಿಸಿದರೆ ಪರವಾನಗಿ ರದ್ದಂತೆ. ಕಳೆದ ಭಾನುವಾರ ಅಲ್ಲಿಗೆ ಗಂಡ, ಹೆಂಡತಿ, ಮೂವರು ಮಕ್ಕಳು ಬಂದಿದ್ದರು. ಯಾರನ್ನು ಬೇರೆ ಕೂರಿಸುವುದೆಂದು ಬಾಗಿಲಲ್ಲೇ ಚರ್ಚೆಯಾಗಿ, ನಡುವಿನವಳು ಅಳಲು ಶುರುಮಾಡಿ, ಐವರೂ ವಾಪಸು ಹೋದರು. ಯಜಮಾನರು ಅವರ ಹಿಂದೆಯೇ ಫುಟ್‌ಪಾತಿನವರೆಗೆ ಹೋಗಿ ಹಿಂತಿರುಗಿದರು. ಹದಿನೆಂಟು ವರ್ಷದಿಂದ ಬಂದವರನ್ನೆಲ್ಲ ಕೂರಿಸಿ ಉಣಿಸಿದ ಮನುಷ್ಯ ಅವರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ನೋಟಿಸನ್ನು ತೆಗೆಸಿ. ಜನರ ತಲೆ ಎಣಿಸುವುದನ್ನು ಬಿಟ್ಟು ಬಾಗಿಲು, ದಾರಿ ಅಳೆಯುವಂತೆ ಆದೇಶ ತಿದ್ದಿ. ಅದಕ್ಕೂ ಮುಂಚೆ ಒಂದು ದಿನ ತಾವೇ ಅಲ್ಲಿಗೆ ಊಟಕ್ಕೆ ಬನ್ನಿ. ಒಬ್ಬರೇ ಬರಬೇಡಿ. ಹೆಂಡತಿ, ಮಕ್ಕಳು, ಅತ್ತೆ, ಮಾವ, ಮಾತು ಬಿಟ್ಟ ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಆಮೇಲೆ ಯಾರನ್ನು ಒಂದು ಮೀಟರ್ ದೂರ ಕೂರಿಸಬೇಕೆಂದು ತಾವೇ ತೀರ್ಮಾನಿಸಿ.

ಇಂತಿ,
ಈ ಪತ್ರವನ್ನು ತಮ್ಮ ಕಚೇರಿಗೇ ಕೊಡಲು ಬಂದು, ಮೂರು ಕಿಟಕಿ ಸುತ್ತಿ, ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಎಂಬ ಉತ್ತರ ಪಡೆದು ಮರಳಿದ
ಒಬ್ಬ ಗಣಿತದ ಟೀಚರ್