ಮಂಜುಗಡ್ಡೆಯ ಮೇಲೆ ಠಾಣೆಗೆ

ಠಾಕುರ್ಲಿ
೧೪ ಆಗಸ್ಟ್ ೨೦೨೫, ಗುರುವಾರ

ಪ್ರೀತಿಯ ಜಯಾ,

ಕಾರ್ಕಳದ ಬಾಣಂತಿ ಕೋಣೆಯಲ್ಲಿ ನೆರೆದಿರುವ ಮಹನೀಯರೇ, ಮಹಿಳೆಯರೇ, ತೊಟ್ಟಿಲನ್ನು ಅಲಂಕರಿಸಿರುವ ಮುಖ್ಯ ಅತಿಥಿಗಳೇ, ವರದಿ ಒಪ್ಪಿಸಲು ತಡವಾದದ್ದಕ್ಕೆ ಕ್ಷಮೆ ಇರಲಿ.

ಸಭೆ ಇಷ್ಟಕ್ಕೇ ಬರಖಾಸ್ತು. ಉಳಿದದ್ದು ನಿನಗೊಬ್ಬಳಿಗೆ, ನಿನ್ನ ಬಾಣಂತಿ ತಂಗಿ ಮಾನಸಿಗೂ ಓದಿ ಹೇಳಬೇಡ. ಅವಳ ಗಂಡ ಶೈಲೇಶ್ ಮಗುವನ್ನು ನೋಡಲು ಸಂಜೆಯ ಬಸ್ಸಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು 'ಹೇಗಿದ್ದೀರಿ' ಎಂದರೆ 'ಮಸ್ತ್' ಎನ್ನಲು ನನ್ನ ನಾಲಿಗೆ ನನ್ನ ಅಪ್ಪಣೆ ಕೇಳುವುದಿಲ್ಲ.

ಹೊರಡುವಾಗ ನೀನು ಮಾತು ತೆಗೆದುಕೊಂಡಂತೆ ವೀರ್ಯಪರೀಕ್ಷೆ ಮಾಡಿಸಿದೆ. ಮನೆಯಲ್ಲೇ ಹಿಡಿದು ತಡಮಾಡದೆ ಠಾಣೆ ಶಹರದ ಲ್ಯಾಬಿಗೆ ತನ್ನಿ ಎಂದಿದ್ದರು. ನಾನು ಹೋಟೆಲಿನವನು, ಬೇಗ ಕೆಡುವ ಮಾಲು ಎಂದರೆ ನನಗೆ ಗೊತ್ತಿರುವುದು ಒಂದೇ ವಿದ್ಯೆ. ಶ್ರೀಖಂಡ ಕಳಿಸುವ ಡಬ್ಬದಲ್ಲಿ ಸುತ್ತ ಮಂಜುಗಡ್ಡೆ ತುಂಬಿ, ತೊಡೆಯ ಮೇಲಿಟ್ಟುಕೊಂಡು ಸ್ಲೋ ಲೋಕಲ್ ರೈಲಿನಲ್ಲಿ ಹೊರಟೆ. ಲ್ಯಾಬಿನ ಹುಡುಗಿ ಮುಚ್ಚಳ ತೆಗೆದು, "ಕಾಕಾ, ಹೀ ಕುಲ್ಫಿ ಆಹೇ ಕಾ?" ಎಂದಳು, ಇದೇನು ಕುಲ್ಫಿಯೇ ಅಂತ. ಅಂಗಿಯೊಳಗೆ, ಮೈಯ ಬಿಸಿಗೆ ಅಂಟಿಸಿ ತರಬೇಕಿತ್ತಂತೆ. ಒಂದೂ ಅಲುಗಿರಲಿಲ್ಲ.

ಹಿಮದ ಮೇಲೆ ಹೊರಟ ಸೈನ್ಯ
ಠಾಣೆ ಸೇರುವಷ್ಟರಲ್ಲಿ ಶೂನ್ಯ.

ಎರಡನೆಯ ಸಲ ಅಲ್ಲೇ ಕೊಟ್ಟೆ. ಈ ಸಲ ಸೈನ್ಯಕ್ಕೆ ಜೀವವಿತ್ತು, ಆದರೆ ಬಹುಪಾಲು ಇದ್ದಲ್ಲೇ ಇತ್ತು. ಚಲಿಸಿದವೂ ನಮ್ಮ ಠಾಕುರ್ಲಿಯಲ್ಲಿ ನಿಲ್ಲುವ ಗಾಡಿಗಳ ಹಾಗೆ, ಎಲ್ಲವೂ ಸ್ಲೋ. ಡಾಕ್ಟರರು ಕಾಗದದಿಂದ ತಲೆಯೆತ್ತದೆ, "ಕುಠಲೀ ಗೋಳಿ ಚಾಲೂ ಆಹೇ ಕಾ?" ಎಂದರು, ಯಾವುದಾದರೂ ಗುಳಿಗೆ ನಡೆಯುತ್ತಿದೆಯೇ ಅಂತ. ಮನಸ್ಸಿನ ಗುಳಿಗೆ ಎಂದೆ. ನಾನು ಹಾಸಿಗೆಯಿಂದ ಏಳಲಾರದೆ ಹೋದ ಆ ಮಳೆಗಾಲದಿಂದ ನೀನು ದಿನವೂ ನನ್ನ ಬಟ್ಟಲಿನ ಪಕ್ಕ ಇಡುವ ಅದೇ ಗುಳಿಗೆ. ಕೆಲವರಲ್ಲಿ ಅದು ಓಟ ಕುಗ್ಗಿಸಬಹುದು, ವಯಸ್ಸೂ ಕಾರಣವಿರಬಹುದು, ಇಂಥದ್ದೇ ಎಂದು ಹೇಳಲಾಗದು ಎಂದರು. ನೀವಾಗಿ ಮಾತ್ರ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಬೇರೆ ದಾರಿಗಳಿವೆ ಎಂದೂ ಹೇಳಿದರು. ನಾನು ಜಾಣ ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ಆ ಸಂಜೆಯೇ ನೀನು ಫೋನಿನಲ್ಲಿ ಮಗುವಿನ ಅಳು ಕೇಳಿಸಿದೆ. "ಕೇಳಿತಾ? ಎಂತ ಸ್ವರ ಮಾರಾಯ್ರೆ, ಭಾಗವತರ ಹಾಗೆ" ಎಂದೆ ನೀನು. ಆಮೇಲೆ ಮಗು ಒಂದೇ ಮಾತಾಡಿತು.

ಇಲ್ಲಿ ಎಲ್ಲ ಕ್ಷೇಮ. ತುಳಸಿಗೆ ನೀರು ಬೀಳುತ್ತಿದೆ. ಎದುರು ಮನೆಯ ಕಾಶವ್ವ ರೊಟ್ಟಿ ತಂದುಕೊಟ್ಟು, "ಯಾಕ್ರಿ ಅಣ್ಣಾರ, ಮಾರಿ ಬಾಡೇತಿ, ಜಯಕ್ಕ ಯಾವಾಗ ಬರ್ತಾರು?" ಎಂದರು. "ಬಾಡಿದ್ದಲ್ಲ, ಬೇಯಿಸಿಕೊಂಡದ್ದು, ನನ್ನದೇ ಅಡುಗೆ" ಎಂದೆ. ಅವರು ನಗಲಿಲ್ಲ.

ಮಗುವಿಗೆ ಆಯುಷ್ಯ, ಮಾನಸಿಗೆ ಆರೋಗ್ಯ, ಅತ್ತೆಗೆ ನಮಸ್ಕಾರ. ನಿನಗೆ ಏನು ಎಂದು ಪ್ರಾಸ ಹುಡುಕುತ್ತಿದ್ದೇನೆ.

ನಿನ್ನ
ಮಧ್ವರಾಜ

ತಾ.ಕ.: ಸಿಗಲಿಲ್ಲ. ಜಯಾ, ಆ ಸಂಜೆಯಿಂದ ನಾನು ಗುಳಿಗೆ ಮುಟ್ಟಿಲ್ಲ. ನೀನು ಬರುವಷ್ಟರಲ್ಲಿ ಸೈನ್ಯ ಓಡಲು ಕಲಿತಿರುತ್ತದೆ ಎಂದುಕೊಂಡಿದ್ದೆ. ಈಗ ನಿದ್ದೆಯಿಲ್ಲ, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ನಿಲ್ಲದ ಫಾಸ್ಟ್ ಗಾಡಿ ಠಾಕುರ್ಲಿ ದಾಟುವಾಗ, ಕಾಲು ನನ್ನ ಅಪ್ಪಣೆ ಕೇಳದೆ ಮುಂದೆ ಹೋದೀತೆಂದು ಪ್ಲಾಟ್‌ಫಾರ್ಮಿನ ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿಯುತ್ತೇನೆ. ಇವತ್ತು ಸ್ಟೇಷನ್ನಿಗೆ ಹೋಗುವುದಕ್ಕೇ ಹೆದರಿ ಮನೆಯಲ್ಲಿ ಕೂತಿದ್ದೇನೆ. ಓದಿದ ಕೂಡಲೇ ಫೋನ್ ಮಾಡು. ಮಸ್ತ್ ಎಂದರೆ ನಂಬಬೇಡ.