ಕಸ್ತೂರಿಗೆ ಮಾಡಿದ ಉಂಡೆ

ಕೆಂಗೇರಿ ಉಪನಗರ
14 ನವೆಂಬರ್ 2007

ಪ್ರೀತಿಯ ಶಿಲ್ಪಾ,

ಬೀದರಿನಲ್ಲಿ ಆಗಲೇ ಚಳಿ ಶುರುವಾಗಿದೆ ಎಂದು ಟೀವಿಯಲ್ಲಿ ಹೇಳಿದರು. ನಿನ್ನ ಕೆಮ್ಮು ಹೇಗಿದೆ? ಬ್ಯಾಂಕಿನ ಕೆಲಸವೆಂದು ಮಧ್ಯಾಹ್ನದ ಊಟ ಬಿಡಬೇಡ. ನಿನಗೆ ಮೊದಲಿನಿಂದಲೂ ಹಸಿವು ತಡೆದುಕೊಂಡರೆ ತಲೆನೋವು ಬರುತ್ತದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಇಂಚರಾ ಚೆನ್ನಾಗಿದ್ದಾಳೆ, ಸ್ವಲ್ಪ ಇಳಿದಿದ್ದಾಳೆ ಅಷ್ಟೆ. ಅವಳು ಯಾಕೆ ಕುದುರೆ ಕ್ಲಾಸಿಗೆ ಹೋಗುತ್ತಿಲ್ಲ ಎಂದು ನೀನು ಫೋನಿನಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ನಾನು ಮಾತು ಬದಲಿಸಿದೆ. ನಿನ್ನ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅದಕ್ಕೇ ಈ ಕಾಗದ.

ಮೈಸೂರು ರಸ್ತೆಯಾಚೆಯ ಆ ಸವಾರಿ ಶಾಲೆಗೆ ಅವಳನ್ನು ಸೇರಿಸಿದವಳು ನೀನು, ಪ್ರತಿ ಶನಿವಾರ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ನಾನು. ಅವಳು ಹತ್ತುತ್ತಿದ್ದದ್ದು ಕಸ್ತೂರಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಅದನ್ನು ನೋಡಿಕೊಳ್ಳುತ್ತಿದ್ದವನು ಕರಿಬಸಪ್ಪ, ಲಿಂಗಸುಗೂರಿನ ಕಡೆಯವನು. ಮಕ್ಕಳಿರಲಿಲ್ಲ. ಹೆಂಡತಿ ದುರ್ಗವ್ವನ ಜೊತೆ ಲಾಯಕ್ಕೆ ಆತುಕೊಂಡಂತಿದ್ದ ತಗಡಿನ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಇದ್ದ. ಕ್ಲಾಸು ಮುಗಿಯುವ ತನಕ ಬೆಂಚಿನ ಮೇಲೆ ಕೂತು ನನಗೂ ಬೇಸರ. ಒಂದು ದಿನ ಚೀಲದಲ್ಲಿದ್ದ ಕ್ಯಾರೆಟ್ ಕೊಟ್ಟೆ. ಕಸ್ತೂರಿ ನನ್ನ ಅಂಗೈಯಿಂದ ಅದನ್ನು ತುಟಿಯಲ್ಲೇ ಎತ್ತಿಕೊಂಡಿತು. ನಿಮ್ಮಪ್ಪ ಹೋದ ಮೇಲೆ ನನ್ನ ಕೈಯಿಂದ ಅಷ್ಟು ಆಸೆಪಟ್ಟು ತಿಂದವರು ಯಾರೂ ಇರಲಿಲ್ಲ ಕಣೇ. ಅಂದಿನಿಂದ ಶುಕ್ರವಾರವೆಂದರೆ ಕುದುರೆಯ ಅಡುಗೆ. ಬೇಯಿಸಿದ ಹುರುಳಿ, ಗೋಧಿ ಬೂಸಾ, ತುರಿದ ಕ್ಯಾರೆಟ್, ಚೂರು ಬೆಲ್ಲ. ಎಲ್ಲವನ್ನೂ ಕಲಸಿ, ಚಿಕ್ಕ ಬಿಲ್ಲೆಗಳಾಗಿ ತಟ್ಟಿ, ಕಾವಲಿಯ ಮೇಲೆ ಒಣಗಿಸುವುದು. ಹೇಳಿಕೊಟ್ಟವನು ಕರಿಬಸಪ್ಪ. "ಹೆಬ್ಬೆರಳಿನಷ್ಟ ಇರ್ಲಿ ಅವ್ವಾರ. ಇಕೀಗೆ ಅವಸರ ಭಾಳ, ಅಗಿಯಂಗಿಲ್ಲ, ನುಂಗಿಬಿಡ್ತಾಳ" ಎನ್ನುತ್ತಿದ್ದ. ನಲವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಲಾಯದವನು ಅಡುಗೆ ಹೇಳಿಕೊಡುವುದೇ ಎಂದು ಒಳಗೊಳಗೇ ಅನಿಸುತ್ತಿತ್ತು. ಮಕ್ಕಳ ತಾಯಂದಿರೆಲ್ಲ "ಆಂಟಿ, ನಿಮ್ಮ ಕೈರುಚಿ ಕುದುರೆಗೂ ಗೊತ್ತು" ಎಂದು ಹೊಗಳುತ್ತಿದ್ದರು. ನನಗೆ ಅದು ಬೇಕಾಗಿತ್ತು.

ಆಯುಧಪೂಜೆಗೆ ಅಲ್ಲಿ ಕುದುರೆಗಳಿಗೆ ಹಾರ ಹಾಕಿ ಪೂಜೆ ಮಾಡುತ್ತಾರೆ. ಎಲ್ಲರೂ ಬರುತ್ತಾರೆ, ಸಣ್ಣ ಬಿಲ್ಲೆ ಏನು ಚೆಂದ ಎಂದುಕೊಂಡು ಕಡಲೆಕಾಳು ಹಾಕಿ, ಬೆಲ್ಲದ ಪಾಕದಲ್ಲಿ ದೊಡ್ಡ ದೊಡ್ಡ ಉಂಡೆ ಕಟ್ಟಿದೆ. ಪಕ್ಕದ ಮನೆಯವರ ಜೊತೆ ಮಾತಾಡುತ್ತ ನಿಂತಾಗ ಪಾಕ ಏರಿಬಿಟ್ಟಿತ್ತು. ಆರಿದ ಮೇಲೆ ಉಗುರು ಕೂಡ ಇಳಿಯಲಿಲ್ಲ. ಗೊತ್ತಿದ್ದೂ ತೆಗೆದುಕೊಂಡು ಹೋದೆ. ಡಬ್ಬಿ ತೆರೆದ ಕೂಡಲೇ ಕರಿಬಸಪ್ಪ ಒಂದು ಉಂಡೆಯನ್ನು ಕಂಬಕ್ಕೆ ಕುಟ್ಟಿ ನೋಡಿದ. "ಬ್ಯಾಡ್ರೀ ಅವ್ವಾರ, ಕಲ್ಲಾಗೇತಿ. ನೀರಾಗ ನೆನಸಿ ಸಂಜೀಕ ನಾನ ಕೊಡ್ತೀನಿ" ಎಂದ. ನಾಲ್ಕು ಜನರ ಮುಂದೆ. ಯಾರೋ ಒಬ್ಬಳು ನಕ್ಕಳು. ಅವನು ಹಾರ ತರಲು ಆಚೆ ಹೋದ, ಉಳಿದವರೂ ಪೂಜೆಯ ಕಡೆ ನಡೆದರು. ಇಂಚರಾ "ಅಜ್ಜಿ, ಬೇಡ ಅಂದ್ರಲ್ಲ" ಎಂದು ನನ್ನ ಸೆರಗು ಎಳೆದಳು. ನಾನು ಕಸ್ತೂರಿಗೆ ಒಂದು ಉಂಡೆ ಕೊಟ್ಟೆ. ಅದು ಬಾಯಿಂದ ಇಳಿಯುವ ಮೊದಲೇ ಇನ್ನೊಂದು ಕೊಟ್ಟೆ.

ಆಮೇಲಿನದನ್ನು ಹೇಗೆ ಬರೆಯಲಿ? ಕಸ್ತೂರಿ ಕತ್ತು ಮುಂದೆ ಚಾಚಿತು. ಮೂಗಿನಿಂದ ಜೊಲ್ಲೂ ಬೆಲ್ಲದ ನೀರೂ ಇಳಿಯತೊಡಗಿದವು. ಕರಿಬಸಪ್ಪ ಹಾರ ಎಸೆದು ಓಡಿಬಂದ. ಅದರ ಗಂಟಲು ನೀವುತ್ತ "ಉಗುಳ ನನ್ನವ್ವ, ಉಗುಳ" ಎಂದು ಮಗುವಿನ ಹಾಗೆ ಅತ್ತ. ಡಾಕ್ಟರು ಬಂದು ನಳಿಕೆ ಇಳಿಸಿ ಗಂಟಲು ಬಿಡಿಸಿದರು, ಆದರೆ ಅಷ್ಟರಲ್ಲಿ ಎಂಜಲು ಶ್ವಾಸಕೋಶಕ್ಕೆ ಇಳಿದಿತ್ತಂತೆ. ನಾಲ್ಕು ದಿನ ಅವನು ಅನ್ನ ಮುಟ್ಟದೆ ಅದರ ಬಳಿ ಕೂತಿದ್ದ. ಬುಧವಾರ ಬೆಳಿಗ್ಗೆ ಅದು ಅವನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು.

ಅವತ್ತೇ ಶಾಲೆಯ ಮಾಲೀಕ ವೆಂಕಟಗಿರಿ ನನ್ನನ್ನು ಕರೆಸಿದರು. ದಸರಾ ರಜೆ, ಇಂಚರಾಳೂ ಜೊತೆಗಿದ್ದಳು. ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಕಡಲೆಯ ಗಟ್ಟಿ ಉಂಡೆ ಯಾರು ಕೊಟ್ಟಿದ್ದು ಎಂದು ಅವರು ಕೇಳಿದರು. ಕರಿಬಸಪ್ಪ "ನಾ ಕೊಟ್ಟಿಲ್ರೀ ಯಜಮಾನ್ರ. ಅವ್ವಾರನ್ನ ಕೇಳ್ರಿ, ಅವರು ಸುಳ್ಳ ಹೇಳಂಗಿಲ್ಲ" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಬಾಯಿ ಬರಲಿಲ್ಲ ಶಿಲ್ಪಾ. ವೆಂಕಟಗಿರಿ ಕೈಯಲ್ಲಿದ್ದ ಚಾವಟಿಯಿಂದ ಅವನ ಮುಖಕ್ಕೆ ಎರಡು ಬಿಟ್ಟರು. ಅವನು ಕೈ ಅಡ್ಡ ಹಿಡಿಯಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅರ್ಧ ಗಂಟೆಯೊಳಗೆ ಅವನ ಪಾತ್ರೆಪಗಡೆ ಗೇಟಿನ ಆಚೆ ಬಿದ್ದಿದ್ದವು. ನಮ್ಮ ಆಟೋ ಹೊರಟಾಗ ದುರ್ಗವ್ವ ಸ್ಟೌವ್ ಮಡಿಲಲ್ಲಿಟ್ಟುಕೊಂಡು ರಸ್ತೆಬದಿಯಲ್ಲಿ ಕೂತಿದ್ದಳು. ಆಟೋದವನು ನಿಧಾನ ಮಾಡಿದ. ನಡೀಪ್ಪಾ ಎಂದೆ.

ಅವನೀಗ ಹೇರೋಹಳ್ಳಿಯಲ್ಲಿ ಯಾವುದೋ ಮನೆ ಕಟ್ಟುವ ಕಡೆ ಇಟ್ಟಿಗೆ ಹೊರುತ್ತಿದ್ದಾನಂತೆ, ಅದೇ ಆಟೋದವನು ಹೇಳಿದ. ಚಾವಟಿಯ ತುದಿ ತಗುಲಿ ಒಂದು ಕಣ್ಣು ಹೋಗಿದೆಯಂತೆ. ಕುದುರೆ ಕೊಂದವನೆಂದು ಯಾವ ಲಾಯದವರೂ ಸೇರಿಸುತ್ತಿಲ್ಲ. ಇಂಚರಾ ಅಂದಿನಿಂದ ನಾನು ಮಾಡಿದ್ದನ್ನು ಸರಿಯಾಗಿ ತಿನ್ನುವುದಿಲ್ಲ. ದೀಪಾವಳಿಯ ಕಜ್ಜಾಯವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಬ್ರೆಡ್ಡು, ಬಾಳೆಹಣ್ಣು ಇಷ್ಟೇ. ಕುದುರೆ ಹೋದ ದುಃಖ, ಮಕ್ಕಳು ಮರೆಯುತ್ತಾರೆ. ಕ್ರಿಸ್‌ಮಸ್ ರಜೆಗೆ ನಿನ್ನ ಹತ್ತಿರ ಕರೆಸಿಕೋ.

ಬಿಸಿನೀರು ಕುಡಿ, ಕಿವಿಗೆ ಮಫ್ಲರ್ ಕಟ್ಟಿಕೋ. ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಅನಂತಲಕ್ಷ್ಮಿ

ಮತ್ತೆ: ನನಗೆ ಬಾಯಿ ಬರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಬಂತು. ವೆಂಕಟಗಿರಿ "ನೀವು ದೊಡ್ಡೋರು ಆಂಟಿ, ನೀವು ಹೇಳಿದ್ದೇ ಸರಿ" ಎಂದರು. ಉಂಡೆಗಳನ್ನು ಅವನ ಕೈಗೇ ಕೊಟ್ಟಿದ್ದೆ, ನೆನೆಸಿ ಕೊಡಪ್ಪ ಎಂದೂ ಹೇಳಿದ್ದೆ, ಅವನೇ ಹಾಗೇ ಹಾಕಿಬಿಟ್ಟ ಎಂದೆ. ಇಂಚರಾ ನನ್ನ ಕೈ ಹಿಡಿದುಕೊಂಡಿದ್ದಳು, ಬಿಟ್ಟಳು. ನಿನ್ನೆ "ಅಮ್ಮಂಗೆ ನೀವ್ ಹೇಳ್ತೀರಾ, ನಾನ್ ಹೇಳ್ಲಾ?" ಎಂದು ಕೇಳಿದಳು. ಹನ್ನೊಂದು ವರ್ಷದ ಹುಡುಗಿ. ಅವಳು ಹೇಳಿದಾಗ, ಅಜ್ಜಿ ಅಂಥವರಲ್ಲ, ನೀನೇ ತಪ್ಪು ಕೇಳಿಸಿಕೊಂಡಿರಬೇಕು ಎಂದುಬಿಡು. ನೀನು ಹೇಳಿದರೆ ನಂಬುತ್ತಾಳೆ.